ಸ್ಟೀರಿಂಗ್ ಕೂರಿಸಿದವನು ಮುಂದೆ ನಿಲ್ಲಬೇಕು

ನಾನು ಕೆಲಸಕ್ಕೆ ಬಂದಿರುವ ಪರದೇಶದಲ್ಲಿ, ಉಬಿ ಅನ್ನುವ ಗ್ಯಾರೇಜುಗಳ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಶನಿವಾರ ಶನಿವಾರ ನನ್ನದೇ ಹಾಟ್ ರಾಡ್ ಕಟ್ಟುತ್ತಿದ್ದೆ. ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಬಂಡಿ ಅದು. ಇಲ್ಲಿನ ರಸ್ತೆಗೆ ಇಳಿಸುವ ಹಾಗಿಲ್ಲ, ಶೆಡ್ಡಿನೊಳಗೇ ಓಡಬೇಕು. ಅವತ್ತು ಸ್ಟೀರಿಂಗ್ ಕಾಲಂ ಕೂರಿಸಿ, ಕೈ ಒರೆಸಿಕೊಂಡು, "ಆಯ್ತು ಅಂಕಲ್, ಟೆಸ್ಟ್ ಮಾಡಿ" ಅಂದೆ. ಆಫೀಸಿನಲ್ಲೂ ಕೋಡ್ ಬರೆದು ಟೆಸ್ಟಿಂಗ್ ಟೀಮಿಗೆ ಹೀಗೇ ದಾಟಿಸುವುದು.

ವರ್ಕ್‌ಶಾಪಿನ ಚೀನೀ ಅಂಕಲ್ ಡ್ರೈವರ್ ಸೀಟಿನಲ್ಲಿ ಕೂತರು. "ನೀನು ಕಾರಿನ ಮುಂದೆ ನಿಂತ್ಕೋ. ಸ್ಟೀರಿಂಗ್ ಕೂರಿಸಿದವನು ಮುಂದೆ ನಿಲ್ಲಬೇಕು, ಇಲ್ಲಿ ಹಾಗೇ ಲಾ," ಅಂದರು, ಇಲ್ಲಿಯವರಂತೆ ಮಾತಿನ ಕೊನೆಗೆ ಒಂದು 'ಲಾ' ಸೇರಿಸಿ.

ನಿಂತೆ. ಹಿಂದೆ ಗೋಡೆ, ಮುಂದೆ ಎಂಜಿನ್ನಿನ ಗುಡುಗು. ಕಾಲಂ ಕೆಳಗಿನ ಜಾಯಿಂಟಿಗೆ ಲಾಕ್ ನಟ್ ಹಾಕಿದ್ದೆನಾ? ಸ್ಪ್ಯಾನರ್ ಹಿಡಿದದ್ದು ನೆನಪಿತ್ತು, ತಿರುಗಿಸಿದ್ದು ನೆನಪಿರಲಿಲ್ಲ. ಅದಿಲ್ಲದಿದ್ದರೆ ಸ್ಟೀರಿಂಗ್ ಕಳಚಿ ಕಾರು ನೇರ ನನ್ನ ಮೇಲೇ.

"ಅಂಕಲ್, ಎರಡು ನಿಮಿಷ."

ಅವರು ಎಂಜಿನ್ ಆಫ್ ಮಾಡಿದರು. ಕಾರಿನಡಿ ತೂರಿ ನೋಡಿದೆ, ನಟ್ ಇರಲಿಲ್ಲ. ಹೊರಬಂದು ನೆಲದ ಮೇಲೆ ಹುಡುಕುತ್ತಿದ್ದರೆ ಅಂಕಲ್ ಕಿಟಕಿಯಿಂದ ಕೈ ಚಾಚಿ ಮುಷ್ಟಿ ಬಿಚ್ಚಿದರು. ನಟ್ ಅಲ್ಲಿತ್ತು. ಟೈರಿನ ಪಕ್ಕ ಬಿದ್ದಿದ್ದನ್ನು ಆಗಲೇ ಎತ್ತಿಟ್ಟುಕೊಂಡಿದ್ದರಂತೆ.

ಸೋಮವಾರ ಮ್ಯಾನೇಜರ್ "ಕೋಡ್ ಆಯ್ತಾ?" ಅಂತ ಕೇಳಿದಾಗ ನಾನೇ ಒಮ್ಮೆ ಓಡಿಸಿ ನೋಡಲು ಇನ್ನೊಂದು ದಿನ ಬೇಕು ಅಂದೆ. ಅವರ ಮುಖಕ್ಕಿಂತ ಹೆಚ್ಚಾಗಿ ಮುಷ್ಟಿಯನ್ನೇ ನೋಡುತ್ತಿದ್ದೆ.