ಕಾಲರ್ ಬ್ರಷ್ಷಿಗೆ ಬಗ್ಗದ ಕಪ್ಪು

ನಮ್ಮಕ್ಕನದು ಲಾಂಡ್ರಿ. ಶಾಯಿ, ಗ್ರೀಸು, ತುಕ್ಕು, ಯಾವ ಕಲೆಯೂ ಅವಳ ಕೈಯಿಂದ ತಪ್ಪಿಸಿಕೊಂಡಿಲ್ಲ. ಅಂಗಿಯ ಕಾಲರ್ ನೋಡಿಯೇ ಗಿರಾಕಿಯ ಜಾತಕ ಹೇಳ್ತಾಳೆ. ಇಸ್ತ್ರಿ ಹಾಕೋ ನನಗೆ ದಿನಾ ಅದೇ ಪುರಾಣ.

ಇಂಥ ಘನವಂತೆಯ ಮಗಳ ಕುತ್ತಿಗೆಯೇ ಕಪ್ಪಾದರೆ ಮಾನ ಉಳಿಯುತ್ತಾ? ಪುಟ್ಟಿಗೆ ಹದಿನಾರು. ಭಾನುವಾರ ಬಂತೆಂದರೆ ಅಕ್ಕ ಅವಳನ್ನ ಒಗೆಯೋ ಕಲ್ಲಿನ ಪಕ್ಕ ಕೂರಿಸಿ, ಸೋಡಾ ಹಚ್ಚಿ, ಕಾಲರ್ ಬ್ರಷ್ಷಿನಲ್ಲಿ ಉಜ್ಜಿದ್ದೇ ಉಜ್ಜಿದ್ದು.

"ಅಮ್ಮಾ, ಉರಿಯತ್ತೆ!"

"ಕೊಳೆ ಬಿಡುವಾಗ ಉರಿಯತ್ತೆ, ಸುಮ್ನಿರೇ."

ತಿಂಗಳಾನುಗಟ್ಟಲೆ ಮುಟ್ಟಾಗಿಲ್ಲ? ಪರೀಕ್ಷೆ ಭಯ. ಗಲ್ಲದ ಮೇಲೆ ಕೂದಲು? ಅಪ್ಪನ ಕಡೆಯ ಬಳುವಳಿ. ಮೈ ದಪ್ಪ? ತಿಂದು ಕೊಬ್ಬಿದ್ದು. ನಮ್ಮಕ್ಕ ಇರುವಾಗ ಡಾಕ್ಟರುಗಳೆಲ್ಲ ಯಾಕೆ ಓದಬೇಕೋ, ಪಾಪ!

ಬೈಗುಳ ಕೇಳಿ ಕೇಳಿ ಹುಡುಗಿ ಊಟವನ್ನೇ ಬಿಟ್ಟಳು. ಒಂದು ಬೆಳಗ್ಗೆ ನನ್ನ ಇಸ್ತ್ರಿ ಮೇಜಿನ ಬುಡದಲ್ಲೇ ತಲೆ ತಿರುಗಿ ಬಿದ್ದಳು. ಅಕ್ಕನ ಮಾತಿಗೆ ಕಿವಿಗೊಡದೆ ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ರಕ್ತದ ವರದಿ ಬಂದ ದಿನ ಡಾಕ್ಟರಮ್ಮ ಪುಟ್ಟಿಯ ಜಡೆ ಸರಿಸಿದರು. ಕಪ್ಪಿನ ನಡುವೆ ಚರ್ಮ ಕಿತ್ತುಹೋಗಿ ಕೆಂಪಾಗಿತ್ತು.

"ಯಾರ ಕೆಲಸ ಇದು?"

"ನಾನೇ," ಅಂದಳು ಅಕ್ಕ, ಬಹುಮಾನ ಬಂದವಳ ಹಾಗೆ. "ಪೂರ್ತಿ ಹೋಗಿಲ್ಲ ಇನ್ನೂ."

"ಹೋಗಲ್ಲಮ್ಮ, ಇದು ಕೊಳೆಯಲ್ಲ. ಪಿಸಿಓಎಸ್ ಇದೆ ಇವಳಿಗೆ, ಹಾರ್ಮೋನಿನ ಏರುಪೇರು. ಮುಟ್ಟು ನಿಂತಿದ್ದು, ಗಲ್ಲದ ಕೂದಲು ಎಲ್ಲ ಅದರಿಂದಲೇ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ, ಅದಕ್ಕೇ ಕುತ್ತಿಗೆ ಕಪ್ಪು. ಈಗಲೇ ಸಕ್ಕರೆ ಏರ್ತಿದೆ. ಹೀಗೇ ಬಿಟ್ಟರೆ ಚಿಕ್ಕ ವಯಸ್ಸಲ್ಲೇ ಡಯಾಬಿಟಿಸ್ ಬರಬಹುದು. ಉಪವಾಸ ಬೇಡ, ಬೈಗುಳ ಮೊದಲೇ ಬೇಡ. ಊಟ, ನಡಿಗೆ ಮನೆಯವರೆಲ್ಲ ಸೇರಿ ಸರಿ ಮಾಡ್ಕೋಬೇಕು. ಮಾತ್ರೆ ನಾನು ಬರೆದುಕೊಡ್ತೀನಿ."

"ನಮ್ಮ ವಂಶದಲ್ಲಿ ಇಂಥದ್ದೆಲ್ಲ ಇಲ್ಲ ಡಾಕ್ಟ್ರೇ!"

"ಹೌದಾ? ಸ್ವಲ್ಪ ತಿರುಗಿ, ತುರುಬು ಎತ್ತಿ."

ಅಕ್ಕ ಎತ್ತಿದಳು. ಅಯ್ಯೋ ದೇವರೇ! ಮಗಳದೇ ಕಪ್ಪು, ಒಂದು ಕೈ ಹೆಚ್ಚೇ. ಊರ ಕಾಲರನ್ನೆಲ್ಲ ಜರಡಿ ಹಿಡಿದವಳು ತನ್ನ ಕುತ್ತಿಗೆ ನೋಡಿಕೊಂಡಿರಲೇ ಇಲ್ಲ. ತುರುಬಿನ ಕೆಳಗೆ ನಾನೂ ನೋಡಿರಲಿಲ್ಲ ಅನ್ನಿ.

"ನಿಮಗೂ ರಕ್ತ ಪರೀಕ್ಷೆ ಆಗಬೇಕು," ಅಂದರು ಡಾಕ್ಟರಮ್ಮ.

ಪುಟ್ಟಿ ಎದ್ದು ಅಮ್ಮನ ಹಿಂದೆ ನಿಂತು ಸುಮಾರು ಹೊತ್ತು ನೋಡಿದಳು.

"ಬ್ರಷ್ ತರಲಾ ಅಮ್ಮಾ?"

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಮಗಳ ಕುತ್ತಿಗೆಯ ಹತ್ತಿರ ಕೈ ಒಯ್ದಳು, ಮುಟ್ಟೋಕೆ ಧೈರ್ಯ ಸಾಲಲಿಲ್ಲ.

"ತುಂಬಾ ಉರೀತಿತ್ತಾ ಕಂದಾ?"

"ಹೇಳ್ತಾನೇ ಇದ್ನಲ್ಲಮ್ಮಾ," ಅಂದಳು ಪುಟ್ಟಿ.