ಲಾ ಓದಲು ಎಂಟು ವರ್ಷದ ತಯಾರಿ

ಲಾ ಕಾಲೇಜು ಸೇರಲು ನಾನು ಏಳನೇ ತರಗತಿಯಿಂದಲೇ ತಯಾರಾದವಳು ಎಂದರೆ ನೀವು ನನ್ನನ್ನು ಮೇಧಾವಿ ಎಂದುಕೊಳ್ಳಬಹುದು. ತಯಾರಿ ನಡೆಸಿದವರು ಅಪ್ಪ. ನಾನು ಅವರ ಕೈಗೆ ಸಿಕ್ಕಿದ್ದೆ, ಅಷ್ಟೆ.

ಅಪ್ಪ ಚನ್ನಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ; ಸಾಹೇಬರ ಬಾಗಿಲಲ್ಲಿ ದಿನವಿಡೀ ನಿಂತೇ ಇರುವ ಕೆಲಸ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲಿಗರು. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಸಭೆಯೊಂದರಲ್ಲಿ ಹಾಸ್ಟೆಲ್ ವಾರ್ಡನ್ ಒಬ್ಬರು ಅಮೆರಿಕದ ಕಪ್ಪು ಜನರ ಕಥೆ ಹೇಳಿದರಂತೆ. ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿದಾಗ ಆ ಜನಕ್ಕಾಗಿಯೇ ಬೇರೆ ಕಾಲೇಜುಗಳು ಹುಟ್ಟಿದವು; ಅಲ್ಲಿ ಲಾ ಓದಿದವರು ಕೋರ್ಟಿಗೆ ಹೋಗಿ ಮುಚ್ಚಿದ ಬಾಗಿಲುಗಳನ್ನೇ ತೆಗೆಸಿದರು. ಅಪ್ಪ ಬಸ್ಸಿಳಿದು ಮನೆಗೆ ಬಂದವರೇ, "ನಮ್ ಹುಡುಗಿ ಲಾಯರ್ ಆಗ್ತಾಳೆ" ಎಂದರು.

"ಮೊದ್ಲು ಕೈಕಾಲು ತೊಳ್ಕೊಳ್ರಿ" ಎಂದಳು ಅವ್ವ.

ಅಂದಿನಿಂದ ಮನೆಯಲ್ಲಿ ನನಗೆ ಸುಮ್ಮನೆ ಏನೂ ಸಿಗಲಿಲ್ಲ. ಹೊಸ ಲಂಗ ಬೇಕೆಂದರೆ ಮೂರು ಕಾರಣ ಹೇಳಬೇಕು. ಹೇಳಿದರೆ ಅಪ್ಪ ಎದುರು ಪಕ್ಷದ ವಕೀಲರಾಗಿ ಮೂರನ್ನೂ ಮುರಿಯುವರು. ತೀರ್ಪು ರೊಟ್ಟಿ ಬಡಿಯುತ್ತಿದ್ದ ಅವ್ವನದು. ಕೋರ್ಟಿನಲ್ಲಿ ಕೇಸುಗಳು ಯಾಕೆ ವರ್ಷಗಟ್ಟಲೆ ಎಳೆಯುತ್ತವೆ ಎಂದು ನನಗೀಗ ಗೊತ್ತು: ಅಲ್ಲಿ ಯಾರಿಗೂ ರೊಟ್ಟಿ ಸೀದುಹೋಗುವ ಭಯವಿಲ್ಲ.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಜಗಳೂರಿನಿಂದ ಸಂಬಂಧವೊಂದು ಬಂತು. ಹುಡುಗ ಮೇಷ್ಟ್ರು. ಇಷ್ಟು ವರ್ಷ ಲಾ ಜಪ ಮಾಡಿದ ಅಪ್ಪ ಒಂದೇ ದಿನದಲ್ಲಿ ಮೆತ್ತಗಾದರು.

"ಒಳ್ಳೆ ಮನೆತನ ಐತೆ. ಮದುವೆ ಆದ್ಮೇಲೆ ಓದಾಕೆ ಬರಲ್ವೇನು?"

"ಆದ್ಮೇಲೆ ಅಂದ್ರೆ ಯಾವಾಗ? ಬರೆದು ಕೊಡ್ತಾರಾ? ಕೊಡದಿದ್ರೆ ನಾನು ಯಾರನ್ನ ಕೇಳ್ಲಿ?" ಎಂದೆ. ಇದು ಲಂಗದ ಕೇಸಾಗಿರಲಿಲ್ಲ.

ಅಪ್ಪ ಅವ್ವನ ಕಡೆ ನೋಡಿದರು.

"ನನ್ನ ಯಾಕೆ ನೋಡ್ತೀರಿ? ಹುಡುಗಿ ಕೇಳಿದ್ದಕ್ಕೆ ಉತ್ರ ಕೊಡ್ರಿ" ಎಂದಳು ಅವ್ವ.

ಮರುದಿನ ಸಂಬಂಧ ಬೇಡವೆಂದು ಜಗಳೂರಿಗೆ ಕಾಗದ ಹೋಯಿತು. ಸೋತ ಅಪ್ಪ ಕಚೇರಿಯಲ್ಲಿ ವಾರವಿಡೀ ಆ ಕಥೆ ಹೇಳಿದರಂತೆ, ತಾವೇ ಗೆದ್ದವರ ಹಾಗೆ.

ಲಾ ಕಾಲೇಜಿಗೆ ಅರ್ಜಿ ಕೊಡಲು ಅಪ್ಪನೂ ನಾನೂ ಹೋದೆವು. ದೊಡ್ಡ ಸಂದರ್ಶನ ಇರುತ್ತದೆಂದು ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಶ್ನೆ ಕೇಳಿದರು. ಗುಮಾಸ್ತ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ನೋಡಿ ಮುದ್ರೆ ಒತ್ತಿದ. ಮುಗಿಯಿತು. ಬೇರೆಲ್ಲೂ ಸಲ್ಲದವರು ಲಾ ಸೇರುತ್ತಿದ್ದ ಕಾಲ ಅದು, ನಮಗದು ಗೊತ್ತಿರಲಿಲ್ಲ. ಆತ ಕನಿಕರದಿಂದಲೇ ಕೇಳಿದ: "ಯಾಕಮ್ಮ, ಬೇರೆಲ್ಲೂ ಸೀಟು ಸಿಗಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದರು. "ಬೇರೆಲ್ಲೂ ಅರ್ಜಿನೇ ಹಾಕಿಲ್ರಿ ಸ್ವಾಮಿ" ಎಂದರು.

ಗುಮಾಸ್ತ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. ಎದುರಿಗಿದ್ದ ಕುರ್ಚಿ ತೋರಿಸಿ, "ಕೂತ್ಕೊಳ್ರಿ" ಎಂದ. ನಮ್ಮ ಕೆಲಸ ಆಗಲೇ ಮುಗಿದಿತ್ತು. ಆದರೂ ಅಪ್ಪ ಕೂತರು, ಸ್ವಲ್ಪ ಹೊತ್ತು ಏಳಲೇ ಇಲ್ಲ.