ಗೋಡೆ ಮುಟ್ಟದೆ ತಿರುಗಿದ ಅಕ್ಕ

ಕಳೆದ ವಾರ ದೇವನಹಳ್ಳಿ ಬಳಿಯ ಶಾಲೆಯೊಂದಕ್ಕೆ ವರದಿಗೆಂದು ಹೋಗಿದ್ದೆ. ಅಲ್ಲಿನ ಈಜುಕೊಳವನ್ನು ದುರಸ್ತಿ ಮಾಡಿ ಮತ್ತೆ ತೆರೆಯುತ್ತಿದ್ದರು. ಗೇಟು ದಾಟಿದ ಕೂಡಲೇ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಈಜುಕೊಳದ್ದಲ್ಲ, ದೊಡ್ಡಬಳ್ಳಾಪುರದ ನಮ್ಮ ಎದುರುಮನೆ ಅಕ್ಕನದು. ಬೀದಿಯವರೆಲ್ಲರ ಮೈಯಿಂದ ಮಗ್ಗದ ಎಣ್ಣೆಯ ವಾಸನೆ ಬರುತ್ತಿದ್ದ ಕಾಲದಲ್ಲಿ ಅವಳೊಬ್ಬಳ ಜಡೆಯಿಂದ ಮಾತ್ರ ಕೊಬ್ಬರಿ ಎಣ್ಣೆಯೊಂದಿಗೆ ಕ್ಲೋರಿನ್ ಬೆರೆತ ವಾಸನೆ ಬರುತ್ತಿತ್ತು.

ಅವಳ ಅಪ್ಪ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಕರೆಂಟು ಹೋದರೆ ಬೀದಿಯ ಬೇರೆ ಗಂಡಸರು ಜಗಲಿಯಲ್ಲಿ ಹರಟೆಗೆ ಕೂರುತ್ತಿದ್ದರು. ಇವರು ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಊರಾಚೆಯ ಒಂದು ತೋಟದ ಬಾವಿಗೆ ಹೋಗುತ್ತಿದ್ದರು. ತೇಲಲೆಂದು ಸೊಂಟಕ್ಕೆ ಕತ್ತಾಳೆ ಬೆಂಡು ಕಟ್ಟಿ ನೀರಿಗೆ ಬಿಟ್ಟಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲವಂತೆ. ಬಾವಿಯ ಒಳಸುತ್ತ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಸಂದು, ಸಂದುಗಳಲ್ಲಿ ನೀರುಹಾವು. ಹೀಗಾಗಿ ಅವರಪ್ಪ ಕಲಿಸಿದ ಮೊದಲ ಪಾಠ ಕೈ ಬಡಿಯುವುದಲ್ಲ, ಉಸಿರು ಹಿಡಿಯುವುದೂ ಅಲ್ಲ. ಗೋಡೆಗೆ ಕೈ ಹಚ್ಚಬಾರದು, ಅದು. ಗೋಡೆ ಹತ್ತಿರ ಬಂದರೆ ಒಂದು ಮೊಳ ಮೊದಲೇ ಮೀನಿನ ಹಾಗೆ ತಿರುಗಿಬಿಡಬೇಕು. ಅಕ್ಕ ತಿರುಗುತ್ತಿದ್ದಳು. ನಾವು ಬೀದಿಯ ಮಕ್ಕಳು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆವು.

ಹೈಸ್ಕೂಲಿನಲ್ಲಿದ್ದಾಗ ವ್ಯಾಯಾಮದ ಮೇಷ್ಟ್ರು ಅವಳನ್ನು ಬೆಂಗಳೂರಿನ ಒಂದು ರಾಜ್ಯಮಟ್ಟದ ಸ್ಪರ್ಧೆಗೆ ಕರೆದೊಯ್ದರು. ಬೀದಿಯ ಅರ್ಧ ಜನ ವ್ಯಾನು ಮಾಡಿಕೊಂಡು ಹಿಂದೆಯೇ ಹೋದೆವು. ಉದ್ದನೆಯ, ನೀಲಿ ತಳದ ಕೊಳವನ್ನು ನಾವು ನೋಡಿದ್ದು ಅದೇ ಮೊದಲು. ಬಹುಶಃ ಅವಳು ಕೂಡ. ಆ ತುದಿಗೆ ಹೋಗಿ ಬರುವ ಈಜಿನಲ್ಲಿ ಅಕ್ಕ ಉಳಿದವರನ್ನು ಎಷ್ಟೋ ಹಿಂದೆ ಬಿಟ್ಟು ಮುಗಿಸಿದಳು. ನಾವು ಶಿಳ್ಳೆ ಹೊಡೆಯುತ್ತಿದ್ದಾಗಲೇ ಅವಳನ್ನು ಅನರ್ಹಗೊಳಿಸಲಾಗಿದೆ ಎಂದು ಮೈಕಿನಲ್ಲಿ ಹೇಳಿದರು.

ಅವರಪ್ಪ ತೀರ್ಪುಗಾರರ ಹತ್ತಿರ ಓಡಿದರು. “ಎಲ್ರಿಗಿಂತ ಮುಂದೆ ಬಂದವ್ಳಲ್ಲ ಸಾರ್!”

“ಆ ಕಡೆ ತುದೀಲಿ ಗೋಡೆ ಮುಟ್ಟಿಲ್ಲ ಕಣ್ರೀ. ಹಾಗೇ ತಿರುಗಿಬಿಟ್ಟಿದ್ದಾಳೆ.”

“ಗೋಡೆ ಯಾಕ್ ಸಾರ್ ಮುಟ್ಬೇಕು? ಹಾವಿರಲ್ವಾ?”

ಸುತ್ತ ಇದ್ದವರೆಲ್ಲ ನಕ್ಕರು. ತೀರ್ಪುಗಾರರೂ ನಕ್ಕರು. ವ್ಯಾನಿನಲ್ಲಿ ಹಿಂತಿರುಗುವಾಗ ಅಕ್ಕ ಅಳಲಿಲ್ಲ, ಅವರಪ್ಪ ಅತ್ತರು. “ನಾನೇ ಕೆಡಿಸ್ಬಿಟ್ನಲ್ಲೋ ಮಗೀನ” ಎಂದು ಯಲಹಂಕ ದಾಟುವವರೆಗೂ ಅಂದುಕೊಳ್ಳುತ್ತಲೇ ಇದ್ದರು.

ಅವಳ ವೇಗ ನೋಡಿದ್ದ ಕೋಚ್ ಒಬ್ಬರು ತರಬೇತಿ ಕೊಡಲು ಒಪ್ಪಿದರು. ಆದರೆ ಷರತ್ತು ಹಾಕಿದರು. ಕೈ ಗೋಡೆಗೆ ಅಂಜುವುದು ನಿಲ್ಲಬೇಕು, ಇಲ್ಲದಿದ್ದರೆ ಎಷ್ಟು ವೇಗವಿದ್ದರೂ ಪ್ರಯೋಜನವಿಲ್ಲ. ಅಂಜಿಕೆ ತಲೆಯಲ್ಲಿ ಇರಲಿಲ್ಲ, ಅಂಗೈಯಲ್ಲಿತ್ತು. ಗೋಡೆ ಹತ್ತಿರವಾದರೆ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು.

ಮುಂದಿನ ಭಾನುವಾರ ಅವರಪ್ಪ ಸಿಮೆಂಟು ತಂದು, ಹಗ್ಗ ಹಿಡಿದು ಬಾವಿಗೆ ಇಳಿದರು. ನೀರಿನ ಮಟ್ಟದಲ್ಲಿದ್ದ ಸಂದುಗಳನ್ನೆಲ್ಲ ಮೆತ್ತಿದರು. ಗಾರೆ ಒಣಗಿದ ಮೇಲೆ ಮಗಳನ್ನು ನೀರಿಗೆ ಕರೆದು, ತಾವೇ ಮೊದಲು ಗೋಡೆಯ ಮೇಲೆ ಅಂಗೈ ಊರಿ ನಿಂತರು.

“ನೋಡವ್ವಾ, ಏನೂ ಕಚ್ಚಲ್ಲ.”

ಅಕ್ಕ ಈಜುತ್ತಲೇ ಅವರ ಮುಖ ನೋಡಿದಳು. “ಅಪ್ಪಾ, ನೀನೇ ಕಣ್ಮುಚ್ಕೊಂಡಿದ್ದೀಯಲ್ಲ!”

ಕಟ್ಟೆಯ ಮೇಲಿದ್ದ ನಾವು ನಕ್ಕ ನಗು ಬಾವಿಯೊಳಗೆ ಸುತ್ತಿ ಸುತ್ತಿ ಮೇಲೆ ಬಂತು. ಆ ನಗುವಿನ ನಡುವೆಯೇ ಅವಳು ಬಂದು ಅಪ್ಪನ ಕೈ ಪಕ್ಕದಲ್ಲಿ ತನ್ನ ಕೈ ಇಟ್ಟಳು.

ಆಮೇಲೆ ಬೆಳಗಿನ ಮೊದಲ ಬಸ್ಸು, ತರಬೇತಿ, ಕಾಲೇಜು, ಮತ್ತೆ ಬಸ್ಸು. ರಾಜ್ಯ ತಂಡ, ದೇಶದ ತಂಡ, ನಾವು ಹೆಸರು ಸರಿಯಾಗಿ ಉಚ್ಚರಿಸಲಾಗದ ಊರುಗಳು. ಪ್ರತಿ ಸ್ಪರ್ಧೆಗೂ ಮುಂಚೆ ಅವಳು ಕೊಳದ ಅಂಚಿನಲ್ಲಿ ಬಗ್ಗಿ, ಒಳಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಇರುತ್ತಿದ್ದಳು. ಗಂಗಮ್ಮನಿಗೆ ನಮಸ್ಕರಿಸಿ ನೀರಿಗಿಳಿಯುವ ಹುಡುಗಿ ಎಂದು ಪತ್ರಿಕೆಯೊಂದು ಬರೆಯಿತು. ನಾನು ಆಗಷ್ಟೇ ಇನ್ನೊಂದು ಪತ್ರಿಕೆ ಸೇರಿದ್ದೆ. ಆ ಸುದ್ದಿ ತೋರಿಸಿದಾಗ ಅವಳು ಬಿದ್ದು ಬಿದ್ದು ನಕ್ಕಳು. “ಹಾವಿದ್ಯಾ ಅಂತ ನೋಡ್ತಿದ್ದೆ ಕಣೋ. ಬರೀಬೇಡ ಮತ್ತೆ, ಮಾನ ಹೋಗುತ್ತೆ” ಅಂದಳು. ನಾನು ಬರೆಯಲಿಲ್ಲ.

ಏಷ್ಯಾ ಮಟ್ಟದ ಕೂಟವೊಂದರಲ್ಲಿ ಅವಳು ಫೈನಲ್ ತಲುಪಿದಳು. ಮಧ್ಯಾಹ್ನದ ಹೊತ್ತು, ಬೀದಿಯವರೆಲ್ಲ ಒಂದೇ ಮೊಬೈಲಿನ ಮುಂದೆ. ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಯಾರೋ ಮೊದಲು ಸ್ವಿಚ್ ಆರಿಸಿದರು, ಪಕ್ಕದವರು ಆರಿಸಿದರು, ಕೊನೆಗೆ ಬೀದಿಯೇ ನಿಶ್ಶಬ್ದವಾಯಿತು. ನಮ್ಮಲ್ಲಿ ಕರೆಂಟಿದ್ದೂ ಮಗ್ಗ ನಿಲ್ಲುವುದು ಸಾವಾದಾಗ ಮಾತ್ರ. ಒಳಮನೆಯಲ್ಲಿ ಮಲಗಿದ್ದ ಅವಳ ಅಜ್ಜಿ ಗಾಬರಿಯಿಂದ ಎದ್ದು ಬಂದರು. “ಯಾರ್ ಹೋದ್ರೋ? ಯಾಕ್ರೋ ಮಗ್ಗ ನಿಲ್ಸಿದ್ದೀರಾ?”

“ಯಾರೂ ಹೋಗಿಲ್ಲ ಸುಮ್ನಿರಜ್ಜೀ, ನಿನ್ ಮೊಮ್ಮಗ್ಳು ಬರ್ತಾವ್ಳೆ!”

ಕೊನೆಯಲ್ಲಿ ಮೂರನೇ ಸ್ಥಾನಕ್ಕೆ ಅಕ್ಕ ಮತ್ತು ಇನ್ನೊಬ್ಬಳು ಒಟ್ಟಿಗೆ ಗೋಡೆಯತ್ತ ನುಗ್ಗಿದರು. ಅಕ್ಕನ ಕೈ ಚಾಚಿತು, ಹಿಂದೆ ಸರಿಯಲಿಲ್ಲ. ಬೆರಳ ತುದಿಯಷ್ಟು ಅಂತರದಲ್ಲಿ ಅವಳು ಮೂರನೆಯವಳಾದಳು. ಅವರಪ್ಪ ಹೋಗಿ ತಮ್ಮ ಮಗ್ಗದ ಸ್ವಿಚ್ ಹಾಕಿದರು. ಹಿಂದೆಯೇ ಬೀದಿಯ ಮಗ್ಗಗಳೆಲ್ಲ ಶುರುವಾದವು.

ಅವಳಿಗೆ ಬಂದ ದೊಡ್ಡ ಪದಕ ಅದೊಂದೇ. ಎರಡು ಸಲ ಭುಜದ ಶಸ್ತ್ರಚಿಕಿತ್ಸೆಯಾಯಿತು, ಸ್ಪರ್ಧೆ ನಿಂತಿತು. ಕೆಲವು ವರ್ಷ ಇದೇ ದೇವನಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಆಮೇಲೆ ಕಾಯಿಲೆ… ಅದು ಮುಟ್ಟಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಉಳಿದಿದ್ದ ನಾಲ್ಕಾರು ಮಗ್ಗಗಳು ಹಾಡಹಗಲೇ ಇನ್ನೊಮ್ಮೆ ನಿಂತವು. ಯಾಕೆ ಎಂದು ಕೇಳಲು ಅಜ್ಜಿ ಇರಲಿಲ್ಲ.

ಬಾವಿಯ ಜಾಗದಲ್ಲಿ ಈಗ ಲೇಔಟ್ ಆಗಿದೆ. ಅವರಪ್ಪ ಮೆತ್ತಿದ ಗಾರೆ ಮಣ್ಣಿನಡಿ ಎಲ್ಲೋ ಇರಬೇಕು.

ಕಳೆದ ವಾರ ಭಾಷಣಗಳು ಮುಗಿದ ಮೇಲೆ ಮಕ್ಕಳು ನೀರಿಗಿಳಿಯಲು ಸಾಲಾಗಿ ನಿಂತರು. ಇಳಿಯುವ ಮುಂಚೆ ಒಬ್ಬೊಬ್ಬರಾಗಿ ಬಗ್ಗಿ, ಕೊಳದ ಒಳಗೋಡೆಗೆ ಅಂಗೈ ಒತ್ತಿದರು. ಹೊಸ ಕೋಚ್ ಇನ್ನೂ ತರುಣ. ಇದೇನೆಂದು ಕೇಳಿದೆ.

“ಹಿಂದೆ ಇದ್ದ ಮೇಡಂ ಅಭ್ಯಾಸ ಮಾಡ್ಸಿದ್ದು ಸರ್. ಯಾಕೆ ಅಂತ ನಂಗೂ ಗೊತ್ತಿಲ್ಲ. ದೇವ್ರಿಗೇನೋ ಇರ್ಬೇಕು.”

ಬರೆಯಬೇಡ ಎಂದಿದ್ದಳು. ಇಷ್ಟು ವರ್ಷ ಬರೆದಿರಲಿಲ್ಲ. ಆದರೆ ಆ ಕೋಚಿಗೆ ಬಾವಿಯ ಕಥೆ ಹೇಳಿದೆ, ಈಗ ಇಲ್ಲಿ ಬರೆದೂ ಇದ್ದೇನೆ. ಮಾನ ಹೋಗುವಂಥದ್ದು ಅದರಲ್ಲಿ ಏನೂ ಇಲ್ಲ ಅಕ್ಕಾ.

ಎಲ್ಲರೂ ಹೋದ ಮೇಲೆ ನಾನೂ ಬಗ್ಗಿ ಗೋಡೆಗೆ ಕೈ ಇಟ್ಟೆ. ತಣ್ಣಗಿತ್ತು. ಕಣ್ಣು ಮುಚ್ಚಿಕೊಂಡಿದ್ದೇನೆಂದು ಗೊತ್ತಾಗಿದ್ದು ಆಮೇಲೆ. ಅದನ್ನು ನೋಡಿ ನಗುವವಳು ಅಲ್ಲಿರಲಿಲ್ಲ.